ಬೀಗದ ಕೈ ಯಾರ ಹತ್ತಿರ?

ನಮ್ಮ ಅಮ್ಮಿ ಮನೆಯಿಂದ ಹೊರಡುವ ಮುಂಚೆ ನೀರು ಕುಡಿಯುವುದಿಲ್ಲ. ಮದುವೆಗಿರಲಿ, ದವಾಖಾನೆಗಿರಲಿ, ಮಸರಕಲ್‌ನಿಂದ ರಾಯಚೂರಿಗೆ ಬಸ್ಸು ಹತ್ತುವುದಿರಲಿ, ಎರಡು ತಾಸು ಮೊದಲೇ ಬಾಯಿ ಕಟ್ಟುತ್ತಾಳೆ. ‘ಪಾನಿ ನಕ್ಕೋ ಬೇಟಾ, ಭಾರ್ ಜಾನಾ ಹೈ’ ಎಂಬ ಮಾತನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಅದು ಸಭ್ಯ ಹೆಂಗಸರ ನಡವಳಿಕೆಯ ಒಂದು ಭಾಗವೆಂದೇ ನಂಬಿದ್ದೆ. ನಮ್ಮ ಕಡೆಯ ಬಿಸಿಲು ಬಲ್ಲವರಿಗೆ ಇದು ಎಂಥ ಶಿಕ್ಷೆಯೆಂದು ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ರಾಯಚೂರು ಸೀಮೆಯಲ್ಲಿ 40 ಡಿಗ್ರಿ ಎಂಬುದು ಸುದ್ದಿಯೇ ಅಲ್ಲ.

ನಾನು ಹುಡುಗಿಯಾಗಿದ್ದಾಗ ಊರಲ್ಲಿ ಹೆಂಗಸರ ಬಯಲು ಬೇರೆ, ಗಂಡಸರ ಬಯಲು ಬೇರೆ ಇತ್ತು. ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವಿನ ಹನ್ನೆರಡು ತಾಸು ಲೆಕ್ಕಕ್ಕಿಲ್ಲ. ಸರ್ಕಾರಿ ಜಾಲಿಯ ಮರೆ ಒಂದಿದ್ದುದರಿಂದ ಮಾನ ಉಳಿಯುತ್ತಿತ್ತು. ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗ ತಾಲೂಕಿಗೆ ಬಂತು. ಬೀಳುಬಿದ್ದ ಹೊಲಗಳೂ ಹಸಿರಾದವು. ಗಂಡಸರು ಕಾಲುವೆಯ ಮಾತಾಡಿದರೆ ಮುಖ ಅರಳುತ್ತಿತ್ತು. ಹೆಂಗಸರು ಬಾವಿಯ ಹತ್ತಿರ ಮೆಲ್ಲಗೆ, ಇನ್ನು ಎಲ್ಲಿ ಕೂಡಬೇಕು ಎಂದು ಕೇಳಿಕೊಳ್ಳುತ್ತಿದ್ದರು. ನೀರಾವರಿಯ ಬಗ್ಗೆ ಎಷ್ಟೋ ಬರೆದಿದ್ದಾರೆ, ಈ ಮಾತನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಇದಕ್ಕೆ ಒಂದು ಸೊಗಸಾದ ಪದ ಕಲಿಸಿದ್ದರು: ಜಾಯೆ ಜರೂರ್, ಅಂದರೆ ಅಗತ್ಯದ ಜಾಗ. ನಂತರ ಕನ್ನಡ ಶಾಲೆಗೆ ಹೋದಾಗ ‘ಶೌಚಾಲಯ’ ಸಿಕ್ಕಿತು. ಅದರೊಳಗಿನ ಶೌಚವೆಂದರೆ ಶುದ್ಧಿ. ಒಂದು ಭಾಷೆ ಅಗತ್ಯ ಎನ್ನುತ್ತದೆ, ಇನ್ನೊಂದು ಶುದ್ಧಿ ಎನ್ನುತ್ತದೆ. ಎರಡೂ ಭಾಷೆಯ ಜನ ಮಾತ್ರ ಆ ಹೆಸರು ಎತ್ತಿದರೆ ಮೂಗು ಮುಚ್ಚುತ್ತಾರೆ.

ಈಗ ನಾನಿರುವುದು ನಮ್ಮ ಭಾಗದ ಒಂದು ಪಟ್ಟಣದ ಬಡಾವಣೆಯಲ್ಲಿ. ಊರಿನ ಹೆಸರು ಬೇಡ, ಏಕೆಂದರೆ ತಪ್ಪು ಊರಿನದಲ್ಲ. ಮನೆಯ ಎದುರಿಗೆ ಒಂದು ಉದ್ಯಾನವಿದೆ. ನಾಲ್ಕು ಬೇವಿನ ಮರ, ನಡೆಯಲು ದಾರಿ, ಮಕ್ಕಳಿಗೆ ಜೋಕಾಲಿ, ಒಂದು ಬೋರ್‌ವೆಲ್. ಆರೇಳು ವರ್ಷಗಳ ಹಿಂದೆ ಅಲ್ಲಿ ಸಣ್ಣ ಕಟ್ಟಡವೊಂದರ ಪ್ರಸ್ತಾಪ ಬಂತು. ಗಂಡಸರಿಗೊಂದು ಹೆಂಗಸರಿಗೊಂದು ಶೌಚಾಲಯ, ಪಕ್ಕದಲ್ಲಿ ಮಾಲಿಯ ಕೋಣೆ. ಪೈಪು, ಗುದ್ದಲಿ, ಮೋಟರಿನ ಸ್ವಿಚ್ಚು ಇಡಲು ಜಾಗ. ಬಡಾವಣೆಯವರೆಲ್ಲ ಹೌಹಾರಿದರು. ವಾಸನೆ ಬರುತ್ತದೆ, ಕಂಡಕಂಡವರು ನುಗ್ಗುತ್ತಾರೆ, ಕುಡುಕರಿಗೆ ಅಡ್ಡೆಯಾಗುತ್ತದೆ, ಸೈಟಿನ ಬೆಲೆ ಬೀಳುತ್ತದೆ. ಒಂದು ಅರ್ಜಿ ಕೊಡಬೇಕೆಂದು ತೀರ್ಮಾನವಾಯಿತು. ‘ಮೇಡಂ, ನೀವು ಕಥೆ ಬರೆಯೋರು, ನೀವೇ ಬರೀರಿ’ ಎಂದರು.

ಬರೆದೆ. ಚೆನ್ನಾಗಿಯೇ ಬರೆದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲೆಂದು 1985ರಲ್ಲಿ ನಮ್ಮ ರಾಜ್ಯ ಮಾಡಿದ ಕಾಯ್ದೆಯನ್ನು ಹುಡುಕಿ ತೆಗೆದು, ಹಸಿರಿನಲ್ಲಿ ಕಟ್ಟಡ ಕೂಡದೆಂದು ವಾದಿಸಿದೆ. ಆ ಕಾಯ್ದೆ ಬಂದದ್ದು ಉದ್ಯಾನಗಳು ಉದ್ಯಾನವಾಗಿಯೇ ಉಳಿಯಲೆಂದು. ಅಲ್ಲಿ ನಡೆಯುವ ಮನುಷ್ಯರಿಗೆ ಮೂತ್ರಕೋಶ ಇರಬಾರದೆಂದಲ್ಲ. ಅದು ಆಗಲೂ ನನಗೆ ಗೊತ್ತಿತ್ತು. ಆದರೂ ನಲವತ್ತಕ್ಕೂ ಹೆಚ್ಚು ಸಹಿಗಳ ಮೇಲೆ ನನ್ನ ಸಹಿ ಮೊದಲನೆಯದು. ಶೌಚಾಲಯ ಬಿಟ್ಟುಹೋಯಿತು, ಮಾಲಿಯ ಕೋಣೆ ಮಾತ್ರ ಎದ್ದಿತು. ಎಲ್ಲರೂ ನನ್ನ ಭಾಷೆಯನ್ನು ಹೊಗಳಿದರು.

ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಇದೇ ಪಟ್ಟಣಕ್ಕೆ, ಅಣ್ಣನ ಮನೆಗೆ ಬಂದಳು. ಅಲ್ಲಿಂದ ನಮ್ಮ ಉದ್ಯಾನಕ್ಕೆ ಅವಳ ನಡಿಗೆಯಲ್ಲಿ ಇಪ್ಪತ್ತು ನಿಮಿಷ. ಸಕ್ಕರೆ ಕಾಯಿಲೆ. ದಿನಾ ನಡೆಯಬೇಕು, ನೀರು ಧಾರಾಳ ಕುಡಿಯಬೇಕು ಎಂದು ಡಾಕ್ಟರು ಹೇಳಿದ್ದರು. ಈ ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಅವರು ಹೇಳಲಿಲ್ಲ. ಅಸರ್ ನಮಾಜು ಮುಗಿಸಿ ಬಂದು ನಾಲ್ಕು ಸುತ್ತು ಹಾಕಿ, ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದಳು. ಆಮೇಲೆ ಒಂದು ದಿನ ಬರುವುದನ್ನು ನಿಲ್ಲಿಸಿದಳು. ಮೊಣಕಾಲು ನೋವು ಎಂದಳು.

ತಿಂಗಳ ನಂತರ ನಿಜ ಹೇಳಿದವಳು ಉದ್ಯಾನದ ಮಾಲಿ ಹೆಂಗಸು. ನಾನು ಬೇರೆ ಊರಿಗೆ ಹೋಗಿದ್ದ ದಿನ ಅಮ್ಮಿ ಬಂದಿದ್ದಾಳೆ. ಅವಸರವಾಗಿದೆ. ನಮ್ಮ ಬಾಗಿಲಿಗೆ ಬೀಗ. ಅಕ್ಕಪಕ್ಕದ ಮನೆಯಲ್ಲಿ ಕೇಳಲು ನಾಲಿಗೆ ಏಳಲಿಲ್ಲ. ಮಾಲಿಯ ಕೋಣೆಯ ಹಿಂದೆ ಹೋದರೆ ಹುಡುಗರು ಮೊಬೈಲು ಹಿಡಿದು ಕೂತಿದ್ದರು. ‘ಅಮ್ಮಾರ್ದು ಬುರ್ಖಾ ತೊಯ್ದಿತ್ರಿ ಅಕ್ಕಾರ. ನಾ ಪೈಪ್ ಹಿಡದು ಕಾಲಿಗೆ ನೀರ್ ಹಾಕೀನಿ. ಗಿಡಕ್ಕ ಬಿಡಾಕ ಹೋಗಿ ಮೈಮ್ಯಾಲ ಬಿತ್ತು ಅಂತ ಮಂದಿಗಿ ಹೇಳೀನಿ. ನಿಮಗ ಹೇಳಬ್ಯಾಡ ಅಂದಿದ್ರು.’

ನಾನು ಏನು ಹೇಳಬೇಕೆಂದು ತಿಳಿಯದೆ, ‘ನೀನು ಎಲ್ಲಿಗೆ ಹೋಗ್ತೀಯವ್ವ?’ ಎಂದೆ. ಇಷ್ಟು ವರ್ಷ ನನ್ನ ಕಿಟಕಿಯ ಎದುರಿಗೇ ದುಡಿದವಳಿಗೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ‘ನಾ ಎಂಟಕ್ಕ ಮನಿ ಬಿಟ್ರ ನೀರ್ ಮುಟ್ಟಂಗಿಲ್ರಿ’ ಎಂದಳು. ದಿನವಿಡೀ ಗಿಡಗಳಿಗೆ ನೀರುಣಿಸುವವಳು.

ಓದುಗರು ಬರ್ನಾರ್ಡ್ ಷಾ ಹೆಸರನ್ನು ನಾಟಕಕಾರನೆಂದು ಬಲ್ಲರು. 1897ರಿಂದ 1903ರವರೆಗೆ ಅವನು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಭಾಗದ ಸ್ಥಳೀಯ ಸಂಸ್ಥೆಯ ಸದಸ್ಯನಾಗಿದ್ದ, ಅಲ್ಲಿ ಹೆಂಗಸರಿಗೊಂದು ಸಾರ್ವಜನಿಕ ಶೌಚಾಲಯ ಬೇಕೆಂದು ವರ್ಷಗಟ್ಟಲೆ ಜಗಳವಾಡಿದ. ಜಾಗ ತೋರಿಸಲು ರಸ್ತೆಯಲ್ಲಿ ಕಟ್ಟಿಗೆಯ ಮಾದರಿಯೊಂದನ್ನು ನಿಲ್ಲಿಸಿದರೆ, ಇದು ಸಂಚಾರಕ್ಕೆ ಅಡ್ಡಿ ಎಂದು ಸಾಬೀತು ಮಾಡಲು ಗಾಡಿಯವರು ಬೇಕೆಂದೇ ಬಂದು ಅದಕ್ಕೆ ಗುದ್ದುತ್ತಿದ್ದರಂತೆ. ಅದನ್ನು ಓದಿದಾಗ ನನಗೆ ನಗು ಬರಲಿಲ್ಲ. ನನ್ನ ಅರ್ಜಿಯೂ ಅಂಥದೇ ಒಂದು ಗಾಡಿ.

ಎರಡನೆಯ ಅರ್ಜಿ ಬರೆದು ಮನೆಮನೆಗೆ ಹೋದೆ. ಮೊದಲಿನದಕ್ಕೆ ಒಂದು ಸಂಜೆ ಸಾಕಾಗಿತ್ತು, ಇದಕ್ಕೆ ಎರಡು ತಿಂಗಳು. ಗಂಡಸರು ಬಾಗಿಲಲ್ಲಿ ನಿಂತು, ಈಗ ಎಲ್ಲರ ಮನೆಯಲ್ಲೂ ಇದೆಯಲ್ಲ ಎಂದರು. ಮಾತು ನಿಜ. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ ಮಸರಕಲ್‌ನಂಥ ಊರುಗಳಲ್ಲೂ ಮನೆಗೊಂದು ಕಟ್ಟಿದರು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವಾಯಿತೆಂದು ಪ್ರಧಾನಿ ಸಾರಿದರು. ಆದರೆ ಮನುಷ್ಯ ಮನೆ ಬಿಟ್ಟು ಹೊರಬೀಳುತ್ತಾನೆ, ಹೆಂಗಸೂ ಬೀಳುತ್ತಾಳೆ. ಗಂಡಸರಿಗೆ ಗೋಡೆಯಾದರೂ ಉಂಟು, ಮಸೀದಿಯ ವಜೂಖಾನೆಯ ಪಕ್ಕದ ಇಸ್ತಿಂಜಾಖಾನೆಯೂ ಉಂಟು. ದೀನಿಯಾತ್ ಪಾಠ ಆರಂಭವಾಗುವುದೇ ತಹಾರತ್‌ನಿಂದ. ಜನ ನಡೆಯುವ ದಾರಿಯಲ್ಲಿ, ಜನ ಕೂಡುವ ನೆರಳಿನಲ್ಲಿ ಹೊಲಸು ಮಾಡಬಾರದೆಂದು ಪ್ರವಾದಿಯವರು ತಡೆದದ್ದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ದಾರಿ ಬಿಟ್ಟು, ನೆರಳು ಬಿಟ್ಟು ಎಲ್ಲಿಗೆ ಹೋಗಬೇಕೆಂಬ ಏರ್ಪಾಡು ಊರಿನವರ ಪಾಲಿಗೆ ಉಳಿದಿತ್ತು.

ಅಂತೂ ಎರಡು ವರ್ಷಗಳ ಹಿಂದೆ ಕಟ್ಟಡವಾಯಿತು. ಟೈಲ್ಸ್ ಹಾಕಿದರು, ಗೋಡೆಗೆ ಚಿತ್ರ ಬರೆಸಿದರು, ರಿಬ್ಬನ್ ಕತ್ತರಿಸಿದರು. ನಲವತ್ತು ದಿನ ಆಗುವುದರೊಳಗೆ ಬೀಗ ಬಿತ್ತು. ಕಾರಣ ಸರಳ. ಕಟ್ಟುವುದಕ್ಕೆ ಒಂದು ಸಲ ದುಡ್ಡು ಬರುತ್ತದೆ, ತೊಳೆಯುವುದಕ್ಕೆ ದಿನಾ ಬೇಕು. 1974ರಲ್ಲಿ ಪಟ್ನಾದಲ್ಲಿ ಸುಲಭ್ ಸಂಸ್ಥೆಯವರು ಕಾಸು ಕೊಟ್ಟು ಬಳಸುವ ಪದ್ಧತಿ ತಂದದ್ದು ಈ ತೊಡಕಿಗೇ ಪರಿಹಾರವಾಗಿ. ಬಸ್‌ಸ್ಟ್ಯಾಂಡಿನಲ್ಲಿ ಅದು ನಡೆದೀತು, ಸಾವಿರ ಜನ ಬರುತ್ತಾರೆ. ಸಣ್ಣ ಉದ್ಯಾನದಲ್ಲಿ ಸಂಜೆಗೆ ಮೂವತ್ತು ಜನ ಬಂದರೆ ಹೆಚ್ಚು. ಆ ಚಿಲ್ಲರೆಯಲ್ಲಿ ಫಿನಾಯಿಲೂ ಬರುವುದಿಲ್ಲ.

ತೊಳೆಯುವವರು ಯಾರು ಎಂಬ ಮಾತು ಸಭೆಯಲ್ಲಿ ಬಂದಾಗ ಎಲ್ಲರ ಕಣ್ಣು ಮಾಲಿ ಹೆಂಗಸಿನ ಕಡೆ ಹೊರಳಿತು. ಯಾಕೆ ಹೊರಳಿತೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ದೇವರಾಜ ಅರಸರ ಸಂಪುಟದಲ್ಲಿದ್ದ ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಐವತ್ತು ವರ್ಷ ದಾಟಿತು, 2013ರಲ್ಲಿ ದೇಶಕ್ಕೆಲ್ಲ ಹೊಸ ಕಾಯ್ದೆಯೂ ಬಂತು. ಕಣ್ಣುಗಳಿಗೆ ಆ ಕಾಯ್ದೆ ಇನ್ನೂ ತಲುಪಿಲ್ಲ. ಅವಳು ಎದ್ದು ನಿಂತು, ‘ನಾ ಗಿಡ ನೋಡಾಕ ಬಂದಾಕಿರಿ’ ಎಂದಳು. ಇಡೀ ಸಭೆಯಲ್ಲಿ ಸರಿಯಾದ ಮಾತು ಅದೊಂದೇ.

ಈಗಿನ ಏರ್ಪಾಡು ಹೀಗಿದೆ. ಮನೆಗೆ ತಿಂಗಳಿಗೆ ಐವತ್ತು ರೂಪಾಯಿ ಎತ್ತಿ, ಬೇರೊಬ್ಬರಿಗೆ ಸರಿಯಾದ ಕೂಲಿ, ಕೈಗವಸು, ಬೂಟು ಕೊಟ್ಟು ತೊಳೆಸುತ್ತೇವೆ. ಕೊಡುವವರು ಹತ್ತೊಂಬತ್ತು ಮನೆ. ಹೆಂಗಸರ ಕಡೆ ಬುರ್ಖಾ, ಸೆರಗು, ಚೀಲ ತೂಗುಹಾಕಲು ಎರಡು ಗೂಟ ಹೊಡೆಸಿದ್ದೇನೆ. ನಕಾಶೆ ಬರೆದವರಿಗೆ ಅದು ಹೊಳೆದಿರಲಿಲ್ಲ. ಒಳಗಿನ ಚಿಲಕ ಎರಡು ಸಲ ಕಿತ್ತುಹೋಗಿ ಎರಡು ಸಲ ಬದಲಾಗಿದೆ. ಬೀಗದ ಕೈ ಮೂಲೆಯ ಕಿರಾಣಿ ಅಂಗಡಿಯಲ್ಲಿರುತ್ತಿತ್ತು. ಅಂಗಡಿಯ ಹುಡುಗನ ಮುಂದೆ ನಿಂತು, ಸಿಗರೇಟು ಸೇದುವವರ ನಡುವೆ, ಅದನ್ನು ಕೇಳಿ ಪಡೆಯುವ ಹೆಂಗಸು ನಮ್ಮ ಬಡಾವಣೆಯಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೆ ಇನ್ನೂ ಎರಡು ಕೈ ಮಾಡಿಸಿದೆ. ಒಂದು ಮಾಲಿಯ ಸೊಂಟದಲ್ಲಿದೆ. ಇನ್ನೊಂದು ನಮ್ಮ ಗೇಟಿನ ಒಳಗಿನ ಮೊಳೆಗೆ ತೂಗುತ್ತದೆ. ಕೈ ಹಾಕಿದರೆ ಹೊರಗಿನಿಂದಲೇ ಸಿಗುತ್ತದೆ.

ಅಮ್ಮಿಗೆ ಮೊಳೆ ತೋರಿಸಿದೆ. ಆ ಅರ್ಜಿ ಬರೆದವಳು ನಾನೇ ಎಂಬುದನ್ನೂ ಅಂದೇ ಹೇಳಿದೆ. ಸ್ವಲ್ಪ ಹೊತ್ತು ತಸ್ಬಿ ತಿರುಗಿಸುತ್ತ ಕೂತಳು. ಬೈಯಲಿಲ್ಲ. ‘ಅಚ್ಛಾ ಲಿಖೇ ಹೊಂಗೇ’ ಎಂದಳು. ಈಗ ವಾರಕ್ಕೆ ಮೂರು ದಿನ ನಡೆಯಲು ಬರುತ್ತಾಳೆ. ಮೊನ್ನೆ ಚಹಾದ ಜೊತೆ ನೀರು ಕೊಟ್ಟೆ. ಲೋಟ ಎತ್ತಿದವಳು ಕಿಟಕಿಯಿಂದ ಉದ್ಯಾನದ ಕಡೆ ನೋಡಿ, ಬಾಗಿಲು ತೆರೆದಿದೆಯೇ ಎಂದು ಕೇಳಿ, ಅರ್ಧ ಕುಡಿದಿಟ್ಟಳು.