ದೀಪಮಾಲೆಯ ಸೀಮೆಯಲ್ಲಿ ಬೆಳಕಿನ ಮರ

ಗೋಕಾಕದಿಂದ ತುಕ್ಕಾನಟ್ಟಿಯ ಕಡೆ ಹೊರಟರೆ ಡಿಸೆಂಬರಿನಲ್ಲಿ ಕಣ್ಣಿಗೆ ಬೀಳುವುದು ಕಬ್ಬು, ಅರಿಷಿಣ, ಗೋವಿನಜೋಳ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಕೃಷಿ ವಿಜ್ಞಾನ ಕೇಂದ್ರದಿಂದಾಗಿ ಸುತ್ತಲಿನ ರೈತರು ಈ ಊರಿನ ಹೆಸರನ್ನು ಬಲ್ಲರು. ಚಿತ್ರಗಳಲ್ಲಿ ಕಾಣುವ ಕ್ರಿಸ್‌ಮಸ್ ಮರ, ಆ ಫರ್ ಜಾತಿಯ ಮರ, ಮಾತ್ರ ಈ ಬಯಲಿನದಲ್ಲ. ಆದರೆ ಬೆಳಕು ಹೊತ್ತ ಮರ ಈ ಸೀಮೆಗೆ ಹೊಸತೇನೂ ಅಲ್ಲ.

ಹಳೆಯ ಗುಡಿಗಳ ಮುಂದಿನ ದೀಪಮಾಲೆ ಕಂಬವನ್ನು ನೆನೆಯಿರಿ. ಬುಡ ದಪ್ಪ, ತುದಿ ಸಣ್ಣ. ಮೈಯಿಂದ ಕೊಂಬೆಗಳಂತೆ ಚಾಚಿದ ಕಲ್ಲುಗಳು. ಕಾರ್ತಿಕದಲ್ಲಿ ಅವುಗಳ ಮೇಲೆ ಪಣತಿ ಹಚ್ಚಿಟ್ಟರೆ ಕಲ್ಲಿನ ಕಂಬವೇ ಮರವಾಗುತ್ತದೆ. ದೀಪಾವಳಿಯ ಆಕಾಶಬುಟ್ಟಿ, ಕ್ರಿಸ್‌ಮಸ್‌ನ ನಕ್ಷತ್ರಗಳೂ ಅಕ್ಕತಂಗಿಯರೇ: ಎರಡರಲ್ಲೂ ಬಣ್ಣದ ಕಾಗದ, ಒಳಗೊಂದು ದೀಪ.

ಕ್ರಿಸ್‌ಮಸ್ ಮರಕ್ಕೆ ಮೊದಲು ಮೇಣದಬತ್ತಿ ಹಚ್ಚುತ್ತಿದ್ದರು. ಬೆಂಕಿಯ ಭಯ ಇದ್ದೇ ಇರುತ್ತಿತ್ತು. 1882ರಲ್ಲಿ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಮರಕ್ಕೆ ಸುತ್ತಿದ. ಐದು ವರ್ಷಗಳ ಬಳಿಕ, 1887ರಲ್ಲಿ, ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು.

ಆ ಮರವನ್ನು ಇಂದಿನ ಕಲಾವಿದರು ಮತ್ತೆ ಮತ್ತೆ ಹೊಸದಾಗಿ ಕಂಡಿದ್ದಾರೆ. ಮರವನ್ನು ಒಬ್ಬ ಕಲಾವಿದರ ಕೈಗೆ ಒಪ್ಪಿಸುವ ಪದ್ಧತಿಯನ್ನು ಲಂಡನ್ನಿನ ಟೇಟ್ ಗ್ಯಾಲರಿ 1988ರಲ್ಲಿ ಆರಂಭಿಸಿತು. 1993ರಲ್ಲಿ ಇರಾನ್ ಮೂಲದ ಶಿರಾಜೆ ಹೌಷಿಯಾರಿ ಮರವನ್ನು ತಲೆಕೆಳಗಾಗಿ ತೂಗುಹಾಕಿ, ಬೇರಿಗೆ ಚಿನ್ನದ ರೇಕು ಹೊದಿಸಿದರು. ಎಂದೂ ಮಣ್ಣಿನಲ್ಲಿ ಅಡಗಿರುವ ಬೇರಿಗೆ ಅಂದು ಮೆರವಣಿಗೆಯ ಮರ್ಯಾದೆ!

ನಮಗೆ ಇನ್ನೂ ಹತ್ತಿರದ ಕತೆ 2020ರದು. ಪಂಜಾಬಿ ತಂದೆತಾಯಿಯ ಮಗಳಾಗಿ ಇಂಗ್ಲೆಂಡಿನಲ್ಲಿ ಹುಟ್ಟಿದ ಚಿಲಾ ಕುಮಾರಿ ಸಿಂಗ್ ಬರ್ಮನ್ ಆ ವರ್ಷದ ದೀಪಾವಳಿಯಂದು, ನವೆಂಬರ್ 14ರಂದು, ಟೇಟ್ ಬ್ರಿಟನ್ ಕಟ್ಟಡದ ಮುಂಭಾಗವನ್ನೇ ಬೆಳಕಿನ ಚಿತ್ರವಾಗಿಸಿದರು. ಗಣೇಶ, ಕಾಳಿ, ಝಾನ್ಸಿ ರಾಣಿಯರ ಜೊತೆ ಐಸ್‌ಕ್ರೀಮ್ ಗಾಡಿಯೂ ಹೊಳೆಯಿತು. ಅವರ ತಂದೆ ಐಸ್‌ಕ್ರೀಮ್ ಗಾಡಿಯಿಂದ ಸಂಸಾರ ಸಾಕಿದವರು. ಕೊರೊನಾದಿಂದ ಗ್ಯಾಲರಿಯ ಬಾಗಿಲು ಮುಚ್ಚಿದ್ದರೂ ಬೀದಿಯಲ್ಲಿ ನಿಂತವರಿಗೆ ಹಬ್ಬ ಕಂಡಿತು.

ಇಂಥ ಕೆಲಸಕ್ಕೆ ವಿಜ್ಞಾನದ ನೆರವೂ ಇದೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಂದಿತು. ಆ ನೀಲಿಯಿಂದಲೇ ಬಿಳಿ ಎಲ್‌ಇಡಿ ಬೆಳಕು ಸಾಧ್ಯವಾಯಿತು. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟಿನ ದೀಪ ಕೊಡುತ್ತದೆ. ಹಳ್ಳಿಯ ಶಾಲೆಗೂ ಇದು ದುಬಾರಿಯಲ್ಲ.

ಪಾಲಕರು ಯೋಚಿಸಬೇಕಾದದ್ದು ಇಲ್ಲೇ ಇದೆ. ಶಾಲೆಯ ಪ್ರದರ್ಶನವೆಂದರೆ ಪೇಟೆಯಿಂದ ತಂದ ಥರ್ಮಾಕೋಲು, ಪ್ಲಾಸ್ಟಿಕ್ ಮರವೇ ಆಗಬೇಕೆ? ಗೋಕಾಕದ ಗೊಂಬೆಗಾರರು ಕಟ್ಟಿಗೆಯಲ್ಲಿ ಮಾಡುವ ಬಣ್ಣದ ಹಣ್ಣು, ತರಕಾರಿಗಳು ನಿಜದವೇ ಎಂಬಂತಿರುತ್ತವೆ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಹಿಡಿಯುವ ಸಕ್ಕರೆ ಆರತಿಯ ಗೊಂಬೆಗಳಿವೆ. ಒಣಗಿದ ಕಬ್ಬಿನ ಸೋಗೆಯಂತೂ ಹೊಲದ ತುಂಬ ಬಿದ್ದಿದೆ. ಬಿದಿರಿನ ದೀಪಮಾಲೆ ಕಟ್ಟಿ, ಈ ಗೊಂಬೆಗಳನ್ನು ತೂಗಿಸಿ, ಬ್ಯಾಟರಿಯ ಪುಟ್ಟ ದೀಪ ಪೋಣಿಸಿದರೆ ಮಕ್ಕಳು ವಿದ್ಯುತ್ ಮಂಡಲವನ್ನೂ ಕಲಿತಾರು, ಊರಿನ ಕಸುಬನ್ನೂ ಕಂಡಾರು. ಕೊಳ್ಳುವವರು, ಕಲಿಯುವವರು ಇಲ್ಲದೆ ಯಾವ ಕೈಕಸುಬೂ ಬದುಕುವುದಿಲ್ಲ.

ಜಲಪಾತ ನೋಡಲು ಹೋದವರು ಗೋಕಾಕದ ಗೊಂಬೆಗಾರರ ಓಣಿಗೂ ಮಕ್ಕಳನ್ನು ಕರೆದೊಯ್ಯಿರಿ. ಡಿಸೆಂಬರಿನಲ್ಲಿ ಘಟಪ್ರಭೆಯ ಧಾರೆ ಸಣ್ಣಗಾಗಿರುತ್ತದೆ. ಗೊಂಬೆಯ ಬಣ್ಣಕ್ಕೆ ಮಾತ್ರ ಮಳೆಗಾಲದ ಹಂಗಿಲ್ಲ.