ಮಕ್ಕಳ ಬಿಡುವಿಗೊಂದು ನೆಲೆ

ಶಾಲೆಯ ಕಡೆಯ ಗಂಟೆ ಬಾರಿಸಿದ ಮೇಲೆ ಮಕ್ಕಳು ಎಲ್ಲಿಗೆ ಹೋಗುತ್ತಾರೆಂಬುದು ಶಾಲೆಯ ವಿಚಾರವಲ್ಲವೆಂದು ಭಾವಿಸುವವರುಂಟು. ನಮ್ಮ ಶ್ರೀಮಠದ ಹಿರಿಯರು ಹಾಗೆ ಭಾವಿಸಿರಲಿಲ್ಲ. ಪ್ರಸಾದ ನಿಲಯದಲ್ಲಿದ್ದ ನಮಗೆ ಸಂಜೆಯೂ ದಿನಚರಿಯ ಒಂದು ಅಂಗವಾಗಿತ್ತು. ಐದು ಗಂಟೆಗೆ ಬಯಲಾಟ, ದೀಪ ಹಚ್ಚುವ ಹೊತ್ತಿಗೆ ಸಾಮೂಹಿಕ ಪ್ರಾರ್ಥನೆ ಮತ್ತು ವಚನಗಾಯನ, ಸೋಮವಾರ ರಾತ್ರಿ ಭಜನೆ, ಭಾನುವಾರ ಭಿತ್ತಿಪತ್ರಿಕೆಯ ಬರವಣಿಗೆ. ಇದೆಲ್ಲವೂ ‘ಬಿಡುವಿನ ವೇಳೆಯ ಸದುಪಯೋಗ’ವೆಂದು ಯಾರೂ ನಮಗೆ ಉಪದೇಶಿಸಲಿಲ್ಲ. ಅನ್ನ, ನೀರುಗಳಂತೆ ಅದೂ ತಾನಾಗಿ ದೊರೆಯುತ್ತಿತ್ತು. ತಾನಾಗಿ ದೊರೆತುದರ ಬೆಲೆ ಅದನ್ನು ಹುಡುಕಿಕೊಂಡು ಹೋಗಬೇಕಾದ ದಿನ ತಿಳಿಯುತ್ತದೆ. ಅಂಥ ಒಂದು ಹುಡುಕಾಟದ ವೃತ್ತಾಂತವನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ನನ್ನ ಉದ್ದೇಶ.

2012ರಲ್ಲಿ ನೌಕರಿಯ ನಿಮಿತ್ತ ನಾನು ಸಂಸಾರಸಮೇತ ಗದಗಿಗೆ ಹೋದೆ. ಮಗನಿಗೆ ಆಗ ಹನ್ನೊಂದು ವರ್ಷ, ಮಗಳಿಗೆ ಎಂಟು. ಹೊಸ ಊರು, ಹೊಸ ಓಣಿ, ಪರಿಚಯದ ಮುಖಗಳಿಲ್ಲ. ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ಬಾಡಿಗೆ ಮನೆಯ ಎರಡು ಕೋಣೆಗಳೇ ಪ್ರಪಂಚವಾದವು. ಟೆಲಿವಿಷನ್ನಿನ ಮುಂದೆ ಅವರು ಮಾತಿಲ್ಲದೆ ಕುಳಿತಿರುವುದನ್ನು ನೋಡಿ ನನ್ನ ಪತ್ನಿ ಒಂದು ದಿನ, “ಇವಕ್ಕ ಊಟಾ ಅದ, ಬಟ್ಟಿ ಅದ, ಹೋಗಲಿಕ್ಕೆ ಒಂದು ಜಾಗಾ ಇಲ್ಲ ನೋಡ್ರಿ” ಎಂದಳು. ಆ ಮಾತು ನನ್ನನ್ನು ಮನೆಯಿಂದ ಹೊರಡಿಸಿತು.

ಗದಗು ಸಂಸ್ಕಾರವಂತ ಊರು. ಪಂಡಿತ ಪಂಚಾಕ್ಷರ ಗವಾಯಿಗಳೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ತೋಂಟದಾರ್ಯ ಮಠದ ಶಿವಾನುಭವಗೋಷ್ಠಿಗೆ ಜಾತಿಮತಗಳ ಎಣಿಕೆಯಿಲ್ಲದೆ ಜನ ಬಂದು ಕೂರುತ್ತಾರೆ. ಬಿಂಕದಕಟ್ಟಿಯಲ್ಲಿ ಮೃಗಾಲಯವಿದೆ. ಇಂಥ ಊರಿನಲ್ಲಿ ಮಕ್ಕಳಿಗೆ ನೆಲೆಯಿಲ್ಲವೆನ್ನಲಾಗದು. ಆದರೆ ಇರುವುದು ಬೇರೆ, ಹೊಸಬನ ಕಣ್ಣಿಗೆ ಬೀಳುವುದು ಬೇರೆ. ಬೀದಿಯ ಉದ್ದಕ್ಕೂ ಕಣ್ಣಿಗೆ ಬಿದ್ದ ಫಲಕಗಳೆಲ್ಲ ಮನೆಪಾಠದವು. ಆಟ, ಹಾಡು, ಕಸರತ್ತುಗಳು ಎಲ್ಲಿ ನಡೆಯುತ್ತವೆಂಬುದಕ್ಕೆ ಎಲ್ಲಿಯೂ ಪಟ್ಟಿಯಿರಲಿಲ್ಲ. ಅವು ತಮ್ಮತಮ್ಮ ವೇಳೆಗೆ ತೆರೆದು, ವೇಳೆ ಮುಗಿದೊಡನೆ ಮುಚ್ಚಿಕೊಳ್ಳುವ ಬಾಗಿಲುಗಳು. ಬೆಳಗಿನ ಐದೂವರೆಗೆ ಗರಡಿಮನೆಯಾಗಿರುವುದು ಹತ್ತು ಗಂಟೆಗೆ ಬೀಗ ಹಾಕಿದ ಹಳೆಯ ಕಟ್ಟಡವಷ್ಟೆ. ಹತ್ತು ಗಂಟೆಗೆ ಹೋದವನಿಗೆ ಅದು ಕಾಣುವುದಿಲ್ಲ.

ಎರಡು ಮೂರು ವಾರ ಅಲೆದ ಮೇಲೆ ಯಾರನ್ನು ಕೇಳಬೇಕೆಂಬುದು ನನಗೆ ತಿಳಿಯಿತು. ಮೊದಲನೆಯವರು ದೈಹಿಕ ಶಿಕ್ಷಕರು. ಯಾವ ಬಯಲಿನಲ್ಲಿ ಯಾವ ಹೊತ್ತಿಗೆ ಯಾರು ಆಡಿಸುತ್ತಾರೆಂಬುದು ಊರಿನಲ್ಲಿ ಅವರಿಗೆ ತಿಳಿದಿರುವಷ್ಟು ಇನ್ನಾರಿಗೂ ತಿಳಿಯದು. ಎರಡನೆಯವರು ಹಾರ್ಮೋನಿಯಂ, ತಬಲಾಗಳನ್ನು ರಿಪೇರಿ ಮಾಡುವವರು. ಪ್ರತಿಯೊಂದು ಭಜನಾ ಮಂಡಳಿಯ ಪೆಟ್ಟಿಗೆಯೂ ಒಂದಲ್ಲ ಒಂದು ದಿನ ಅವರ ಅಂಗಡಿಗೆ ಬಂದೇ ಬರುತ್ತದೆ. ಯಾವ ಗುರುವಿನ ಶಿಷ್ಯರು ನಡುವೆಯೇ ಬಿಟ್ಟುಹೋಗುತ್ತಾರೆ, ಯಾರ ಬಳಿ ನಿಲ್ಲುತ್ತಾರೆಂಬುದನ್ನೂ ಅವರು ಬಲ್ಲರು. ಮೂರನೆಯವರು ಗ್ರಂಥಪಾಲಕರು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಹಣ ಕಟ್ಟಿ ಪುಸ್ತಕ ಮುಟ್ಟದವರೇ ನಮ್ಮಲ್ಲಿ ಹೆಚ್ಚು. ಮಕ್ಕಳಿಬ್ಬರಿಗೂ ಗ್ರಂಥಾಲಯದ ಸದಸ್ಯತ್ವ ಮಾಡಿಸಿದ್ದು ನಮ್ಮ ಹುಡುಕಾಟದ ಮೊದಲ ಫಲ.

ದೈಹಿಕ ಶಿಕ್ಷಕರೊಬ್ಬರು ತೋರಿಸಿದ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ಗರಡಿಮನೆಗೆ ಹೋದೆ. ಎಣ್ಣೆ, ಅರಿಶಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣು, ಮೂಲೆಯಲ್ಲಿ ಸಾಲಾಗಿ ಇಟ್ಟ ಗದೆಗಳು, ಗೂಡಿನಲ್ಲಿ ಹನುಮಂತ. ವಸ್ತಾದರು ಎಪ್ಪತ್ತು ದಾಟಿದವರು. ಮಗನ ಹೆಗಲನ್ನು ಮುಟ್ಟಿ ನೋಡಿ, “ನಾಳಿ ಐದೂವರಿಗೆ ಬಾರಪ್ಪಾ. ತಡಾ ಆದ್ರ ಬರಬ್ಯಾಡ” ಎಂದರು. ಶುಲ್ಕದ ಮಾತೇ ಇಲ್ಲ. ವೇಳೆಗೆ ಬರುವುದೇ ಶುಲ್ಕ. ಮಗಳು ಮುಂದೆ ಬಂದು ತಾನೂ ಬರುವೆನೆಂದಳು. ಹಿರಿಯರು ಸಿಟ್ಟಾಗಲಿಲ್ಲ. ಮೃದುವಾಗಿಯೇ, “ಇದು ಗಂಡುಹುಡುಗರ ಜಾಗಾ, ಯವ್ವಾ” ಎಂದರು. ಆಕೆ ಕೇಳಿದಳು: “ಹಂಗಾರ ಹುಡುಗ್ಯಾರ ಜಾಗಾ ಎಲ್ಲೈತ್ರಿ, ಅಜ್ಜಾರ?”

ವಸ್ತಾದರು ನನ್ನ ಮುಖ ನೋಡಿದರು. ನನ್ನಲ್ಲಿಯೂ ಉತ್ತರವಿರಲಿಲ್ಲ.

ಆ ಎಂಟು ವರ್ಷದ ಬಾಲೆಯ ಪ್ರಶ್ನೆ ನಮ್ಮ ಊರುಗಳೆಲ್ಲವನ್ನೂ ಕುರಿತ ಪ್ರಶ್ನೆಯೆಂದು ನಾನು ಬಗೆದಿದ್ದೇನೆ. ಗರಡಿ, ಭಜನೆ, ದೊಡ್ಡಾಟದ ತಾಲೀಮು, ಕಟ್ಟೆಯ ಹರಟೆ ಇವೆಲ್ಲವೂ ನಮ್ಮ ಹಳೆಯ ಕ್ಲಬ್ಬುಗಳೇ ಸರಿ. ಅವುಗಳ ಗುಣಗಾನ ಮಾಡುವಾಗ ಊರಿನ ಅರ್ಧ ಮಕ್ಕಳು ಅವುಗಳ ಹೊಸ್ತಿಲಾಚೆ ನಿಂತಿದ್ದರೆಂಬುದನ್ನು ಮರೆಯಲಾಗದು. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಗೆ ಸ್ಥಾನವಿತ್ತೆಂದು ಸಭೆಗಳಲ್ಲಿ ಹೆಮ್ಮೆಪಡುವ ನಾವು, ನಮ್ಮ ಹೆಣ್ಣುಮಕ್ಕಳಿಗೆ ಸಂಜೆ ಒಂದು ಗಂಟೆಯ ಬಯಲನ್ನು ಕೊಡಲಾರೆವೇ? ಮಹಿಳೆಯರ ಕುಸ್ತಿ 2004ರಲ್ಲಿಯೇ ಒಲಿಂಪಿಕ್ ಕ್ರೀಡೆಗಳಲ್ಲಿ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಆ ಕಣದಿಂದ ಕಂಚಿನ ಪದಕವನ್ನೂ ತಂದರು. ಕಾಲವು ಯಾರಿಗೂ ಕಾದು ನಿಲ್ಲುವುದಿಲ್ಲ.

ಮಗಳಿಗೆ ನೆಲೆ ದೊರೆತದ್ದು ಒಂದು ಸರಕಾರಿ ಶಾಲೆಯ ಬಯಲಿನಲ್ಲಿ. ಅಲ್ಲಿಯ ದೈಹಿಕ ಶಿಕ್ಷಕಿಯೊಬ್ಬರು ಶಾಲೆ ಬಿಟ್ಟ ಮೇಲೆ ಬಾಲಕಿಯರಿಗೆ ಖೊಖೊ ಆಡಿಸುತ್ತಿದ್ದರು. ಖೊಖೊ ಬಡವರ ಬಂಧು. ಎರಡು ಕಂಬ, ಗೆರೆ ಎಳೆಯಲು ಸುಣ್ಣ, ಇಷ್ಟಿದ್ದರೆ ಆಟ ಆರಂಭ. ನಾವು ಹೋದಾಗ ಒಂದು ತಂಡಕ್ಕೆ ಬೇಕಾದ ಒಂಬತ್ತು ಮಂದಿಯೂ ಇರಲಿಲ್ಲ. ವರ್ಷ ತುಂಬುವುದರೊಳಗೆ ಎರಡು ತಂಡಗಳಾದವು. ಹುಡುಗಿಯರು ಹೆಚ್ಚಿದ್ದೇಕೆಂದು ನಾನು ಗಮನಿಸಿದ್ದೇನೆ. ಬಯಲು ಜನರು ಓಡಾಡುವ ಬೀದಿಗೆ ಹೊಂದಿಕೊಂಡಿತ್ತು. ಗೇಟಿನ ಬಳಿ ಒಂದು ದೀಪವಿತ್ತು. ಕಡೆಯ ಹುಡುಗಿ ಮನೆಯ ದಾರಿ ಹಿಡಿಯುವವರೆಗೆ ಆ ಶಿಕ್ಷಕಿ ಕದಲುತ್ತಿರಲಿಲ್ಲ. ನನ್ನ ಪತ್ನಿ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದವಳು ಮೆಲ್ಲನೆ ಬೇರೆ ತಾಯಂದಿರ ಗೆಳತಿಯಾದಳು. ಮಕ್ಕಳಿಗಾಗಿ ಹುಡುಕಿದ ಜಾಗ ಮನೆಮಂದಿಗೆಲ್ಲ ಜಾಗವಾಯಿತು. ಆ ಸ್ನೇಹದಿಂದಲೇ ನಾಲ್ಕಾರು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಚಳಿಗಾಲದ ಒಂದು ಭಾನುವಾರ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದೆವು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಹಿಂದಿರುಗುವ ದೃಶ್ಯವನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಆ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣವೆಂದು ಮಾನ್ಯತೆ ಪಡೆಯಿತು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಬಯಲಿನಿಂದ ವಿಶ್ವದ ಕಣಕ್ಕೆ ದಾರಿಯುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನನ್ನ ಮಗಳು ಅಷ್ಟು ದೂರ ಹೋದವಳಲ್ಲ. ಅವಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಸೋತು ಬಂದ ಸಂಜೆಯೂ ಗೆಳತಿಯರೊಡನೆ ನಗುತ್ತ ಬರುತ್ತಿದ್ದಳು. ನಾನು ಹುಡುಕಿಕೊಂಡು ಹೋದದ್ದು ಆ ನಗೆಯನ್ನೇ.

ಎಲ್ಲ ಬಾಗಿಲುಗಳೂ ಪ್ರವೇಶಯೋಗ್ಯವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಒಂದು ತರಗತಿಯಲ್ಲಿ ಹೆತ್ತವರು ಒಳಗೆ ಬರಕೂಡದೆಂದರು. ನಾವು ಅಲ್ಲಿಂದಲೇ ಹಿಂದಿರುಗಿದೆವು. ಆ ಬಳಿಕ ಕೆಲವು ನಿಯಮಗಳನ್ನು ನಾವೇ ಮಾಡಿಕೊಂಡೆವು. ಸೇರಿಸುವ ಮುನ್ನ ಮೂರು ಸಲ, ಮೂರು ಬೇರೆ ದಿನ ಹೋಗಿ ನೋಡಬೇಕು. ವೇಳೆಗೆ ಸರಿಯಾಗಿ ಆರಂಭವಾಗುವುದೇ? ಎಲ್ಲರಿಗಿಂತ ಚಿಕ್ಕ ಮಗುವನ್ನು, ಎಲ್ಲರಿಗಿಂತ ಮಂದಗತಿಯ ಮಗುವನ್ನು ಹೇಗೆ ಮಾತನಾಡಿಸುತ್ತಾರೆ? ಕುಡಿಯುವ ನೀರು, ಶೌಚಾಲಯ ಇವೆಯೇ? ಹೆತ್ತವರು ಯಾವ ಹೊತ್ತಿಗಾದರೂ ಬಂದು ಕೂರಬಹುದೇ? ಯಾವ ಮಗುವೂ ಒಬ್ಬ ಹಿರಿಯನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಉಳಿಯದಂತೆ ವ್ಯವಸ್ಥೆಯಿದೆಯೇ? ಇವಕ್ಕೆ ಸಮಾಧಾನ ದೊರೆತರೆ ಕಟ್ಟಡ ಹಳೆಯದಾದರೇನು, ಫಲಕವಿಲ್ಲದಿದ್ದರೇನು?

ನಾಡಿನಲ್ಲಿ ಈ ದಿಶೆಯಲ್ಲಿ ನಡೆದ ಪ್ರಯತ್ನಗಳು ಅಲ್ಪವಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಕಬ್ಬನ್ ಪಾರ್ಕಿನ ಬಾಲಭವನದ ಮಾದರಿಯಲ್ಲಿ ಜಿಲ್ಲೆಗಳಲ್ಲಿಯೂ ಬಾಲಭವನಗಳಾಗಿವೆ. ಮೈಸೂರಿನ ರಂಗಾಯಣವು ಬೇಸಗೆಯಲ್ಲಿ ಚಿಣ್ಣರ ಮೇಳವನ್ನು ನಡೆಸುತ್ತ ಬಂದಿದೆ. ಸಾಣೇಹಳ್ಳಿಯಂಥ ಪುಟ್ಟ ಗ್ರಾಮದಲ್ಲಿ 1987ರಲ್ಲಿ ಆರಂಭವಾದ ಶಿವಕುಮಾರ ಕಲಾಸಂಘವು, ಮಠವೊಂದು ಮನಸ್ಸು ಮಾಡಿದರೆ ರಂಗಭೂಮಿ ಮನೆಮಂದಿಯೆಲ್ಲ ಕೂಡಿ ನೋಡುವ ಹಬ್ಬವಾಗಬಲ್ಲುದೆಂದು ತೋರಿಸಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇವೆಲ್ಲಕ್ಕೂ ಸಾಮಾನ್ಯವಾದ ಅಂಶಗಳು ಮೂರು: ತೆರೆದ ಬಾಗಿಲು, ತಪ್ಪದ ವೇಳೆ, ಬಾಗಿಲಲ್ಲಿ ನಿಂತ ಒಬ್ಬ ಮನುಷ್ಯ. ಈ ಮೂರರಲ್ಲಿ ಒಂದು ತಪ್ಪಿದರೂ ಸಂಸ್ಥೆ ಹೆಸರಿಗೆ ಮಾತ್ರ ಉಳಿಯುತ್ತದೆ.

ನಾನು ಹೇಳಿದ ಆ ಗರಡಿಮನೆ 2018ರಲ್ಲಿ ನಿಂತುಹೋಯಿತು. ಅದನ್ನು ಯಾರೂ ಬಲಾತ್ಕಾರದಿಂದ ಮುಚ್ಚಿಸಲಿಲ್ಲ. ವಸ್ತಾದರು ಹಾಸಿಗೆ ಹಿಡಿದರು, ಬೆಳಿಗ್ಗೆ ಬಾಗಿಲು ತೆಗೆಯುವವರಿಲ್ಲವಾಯಿತು, ಬರುತ್ತಿದ್ದ ನಾಲ್ವರು ಹುಡುಗರು ಬೀಗ ನೋಡಿ ಹಿಂದಿರುಗಿದರು. ಕೆಮ್ಮಣ್ಣು ಒಣಗಿ ಕಲ್ಲಾಯಿತು. ಮನುಷ್ಯನೊಬ್ಬನ ಮೇಲೆಯೇ ನಿಂತ ನೆಲೆ ಅವನೊಡನೆ ಹೋಗುತ್ತದೆ. ಇಂಥವನ್ನು ಉಳಿಸಬೇಕಾದರೆ ಅವಕ್ಕೆ ಸಂಸ್ಥೆಯ ಆಸರೆ ಬೇಕು.

ಈ ಕಾರಣದಿಂದ ನನ್ನ ವಿಜ್ಞಾಪನೆ ನಮ್ಮ ಶಾಲೆಯ ಕಡೆಗೆ ತಿರುಗುತ್ತದೆ. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿ, ಬಿಡುವು, ಆಟಗಳನ್ನು ಮಗುವಿನ ಹಕ್ಕೆಂದೇ ಸಾರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿ ಶಾಲೆಗೂ ಆಟದ ಬಯಲು, ಗ್ರಂಥಾಲಯಗಳಿರಬೇಕೆಂದು ವಿಧಿಸಿದೆ. ನಮ್ಮಲ್ಲಿ ಇವೆರಡೂ ಇವೆ. ಪೂರ್ವಿಕ ದಾನಿಗಳ ಕೃಪೆಯಿಂದ ವಿಶಾಲವಾದ ಸಭಾಭವನವೂ ಇದೆ. ಆದರೆ ನಮ್ಮ ಕಾಲದ ಸಂಜೆಗಳು ಪ್ರಸಾದ ನಿಲಯದ ಮಕ್ಕಳಿಗೆ ಮಾತ್ರ ಮೀಸಲಾಗಿದ್ದವು. ಊರಿನ ಮಕ್ಕಳಿಗೆ ಕಡೆಯ ಗಂಟೆಯ ಬಳಿಕ ಗೇಟು ಮುಚ್ಚುತ್ತಿತ್ತು. ಆ ಗೇಟು ಇನ್ನು ಮುಂದೆ ಸಂಜೆ ಐದರಿಂದ ಏಳರವರೆಗೆ, ಯಾವ ಶಾಲೆಯ, ಯಾವ ಜಾತಿಯ ಮಗುವೆಂದು ಕೇಳದೆ ತೆರೆದಿರಲಿ. ಹೆಣ್ಣುಮಕ್ಕಳಿಗೆ ಬಯಲಿನ ಅರ್ಧವಾದರೂ ಮೀಸಲಿರಲಿ. ಅವರಿಗೆ ಒಬ್ಬ ಶಿಕ್ಷಕಿ ಇರಲಿ. ಯಾವಾಗಲೂ ಇಬ್ಬರು ಹಿರಿಯರು ಹಾಜರಿರಲಿ. ಭಾನುವಾರ ಗ್ರಂಥಾಲಯ ತೆರೆಯಲಿ. ತಿಂಗಳಿಗೊಂದು ಸಂಜೆ ಸಭಾಭವನದಲ್ಲಿ ಕುಟುಂಬಗಳು ಕೂಡಿ ಹಾಡು, ನಾಟಕ, ಕಥೆಗಳನ್ನು ಕೇಳಲಿ. ಗೇಟಿನ ಹೊರಗೊಂದು ಕರಿಹಲಗೆಯನ್ನು ನಿಲ್ಲಿಸಿ, ಊರಿನಲ್ಲಿ ಎಲ್ಲೆಲ್ಲಿ, ಯಾವ ವೇಳೆಗೆ, ಯಾರು ಮಕ್ಕಳಿಗೆ ಏನು ಕಲಿಸುತ್ತಾರೆಂಬುದನ್ನು ಶಿಕ್ಷಕರು ಪ್ರತಿ ಜೂನ್ ತಿಂಗಳಲ್ಲಿ ವಿಚಾರಿಸಿ ಬರೆಯಲಿ. ಊರಿಗೆ ಹೊಸದಾಗಿ ಬಂದ ತಂದೆತಾಯಿಗಳು ನನ್ನಂತೆ ವಾರಗಟ್ಟಲೆ ಅಲೆಯುವುದು ಅದರಿಂದ ತಪ್ಪುತ್ತದೆ.

ಮಾನ್ಯ ದಾನಿಗಳಲ್ಲಿ ಒಂದು ಮಾತು. ಹೊಸ ಕಟ್ಟಡದ ಕಲ್ಲಿನ ಮೇಲೆ ಹೆಸರು ನಿಲ್ಲುತ್ತದೆ, ನಿಜ. ಆದರೆ ಬಯಲಿನ ದೀಪಕ್ಕೆ, ಶಿಕ್ಷಕಿಯ ಗೌರವಧನಕ್ಕೆ, ಸಂಜೆ ಗೇಟು ಕಾಯುವವನ ಸಂಬಳಕ್ಕೆ ಕೊಟ್ಟ ಹಣ ಪ್ರತಿದಿನ ಸಂಜೆ ಹೊಸದಾಗಿ ಫಲ ಕೊಡುತ್ತದೆ. ಹಳೆಯ ವಿದ್ಯಾರ್ಥಿಗಳಾದ ನನ್ನ ಬಂಧುಗಳೇ, ಹಣವಿಲ್ಲದವರು ವಾರಕ್ಕೆರಡು ಗಂಟೆಯ ವೇಳೆಯನ್ನು ಕೊಡಬಹುದು. ಅನ್ನದಾಸೋಹ, ಅಕ್ಷರದಾಸೋಹಗಳನ್ನು ಕಂಡ ಈ ಪರಂಪರೆಗೆ ವೇಳೆಯ ದಾಸೋಹ ಹೊಸದೇನೂ ಆಗಲಾರದು. ನಿವೃತ್ತನಾಗಿ ಊರಿಗೆ ಮರಳಿರುವ ನಾನು ಬುಧವಾರ, ಶನಿವಾರಗಳ ಸಂಜೆಯನ್ನು ಈ ಕಾಯಕಕ್ಕೆ ಮೀಸಲಿಡುವೆನೆಂದು ಶ್ರೀಗಳವರ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಗೇಟಿನ ಬೀಗದ ಕೈ ದೊರೆತ ದಿನವೇ ಆರಂಭಿಸಲು ಸಿದ್ಧನಿದ್ದೇನೆ.

ಶರಣು ಶರಣಾರ್ಥಿ.