ಖಡ್ಗದ ಹಿಡಿ

ಖಡ್ಗವೆಂದೊಡನೆ ನೋಡುವವರ ಕಣ್ಣು ಅಲಗಿನತ್ತ ಹರಿಯುವುದು ಸಹಜ. ಅದರ ಹೊಳಪನ್ನೂ ಮೊನೆಯನ್ನೂ ಎಲ್ಲರೂ ಕೊಂಡಾಡುವರು. ಆದರೆ ಖಡ್ಗವನ್ನು ಆಡಿಸುವ ಕೈಗೆ ಪರಿಚಯವಿರುವುದು ಹಿಡಿಯೊಂದೇ. ಒಂದು ಚೀನೀ ಖಡ್ಗದ ಹಿಡಿಯನ್ನು ಕಳಚಿ ಮರಳಿ ಕೂಡಿಸುವ ಸಂದರ್ಭ ಒದಗಿದಾಗ ಈ ಸಂಗತಿ ನಮ್ಮ ಮನಸ್ಸಿಗೆ ಚೆನ್ನಾಗಿ ನಾಟಿತು.

ನೆಟ್ಟನೆಯ, ಎರಡು ಕಡೆಯೂ ಬಾಯುಳ್ಳ ಖಡ್ಗಕ್ಕೆ ಚೀನೀಯರು ಜಿಯಾನ್ ಎನ್ನುತ್ತಾರೆ. 1965ರಲ್ಲಿ ಹುಬೆಯ್ ಪ್ರಾಂತದ ಗೋರಿಯೊಂದರಲ್ಲಿ ದೊರೆತ, ಯುಯೆ ರಾಜ್ಯದ ಅರಸ ಗೌಜಿಯಾನನ ಕಂಚಿನ ಖಡ್ಗವು ಈ ಬಗೆಯದು. ಸುಮಾರು 56 ಸೆಂಟಿಮೀಟರ್ ಉದ್ದದ ಆ ಖಡ್ಗದ ಹಿಡಿಯೂ ಕಂಚಿನದೇ. ಹಿಡಿಯ ತುದಿಯಲ್ಲಿ ಒಂದರೊಳಗೊಂದು 11 ಉಂಗುರಗಳಿವೆ. ಕಬ್ಬಿಣ, ಉಕ್ಕುಗಳ ಕಾಲದಲ್ಲಿ ಮರದ ಹಿಡಿ ಸಾಮಾನ್ಯವಾಯಿತು. ಅಲಗಿನ ಬುಡವು ಬಾಲದಂತೆ ಕಿರಿದಾಗಿ ಮರದೊಳಗೆ ತೂರಿ, ತುದಿಯ ಲೋಹದ ಗುಬುಟನ್ನು ದಾಟುವುದು. ಅಲ್ಲಿ ಅದನ್ನು ಬಡಿದು ಅಗಲಿಸಿ ಬಿಗಿಯುವರು. ಈಚಿನ ಅಭ್ಯಾಸದ ಖಡ್ಗಗಳಲ್ಲಿ ಬಡಿಯುವ ಬದಲು ನಟ್ಟು ಹಾಕುವುದುಂಟು.

ನಮ್ಮ ಚಿಕ್ಕಪ್ಪನವರು ಸಿಂಗಾಪುರದಲ್ಲಿ ಉದ್ಯೋಗದಲ್ಲಿದ್ದಾಗ ತಾಯ್‌ಚಿ ಕಲಿತು, ರಜೆಗೆ ಊರಿಗೆ ಬಂದಾಗಲೆಲ್ಲ ನಮಗೂ ಕಲಿಸುತ್ತಿದ್ದರು. ಖಡ್ಗಗಳಿಗೆ ಹೆಸರಾದ, ಚೆಚಿಯಾಂಗ್ ಪ್ರಾಂತದ ಲೊಂಗ್‌ಚುವಾನಿನಲ್ಲಿ ತಯಾರಾದ, ಬಾಯಿ ಹರಿತಮಾಡದ ಖಡ್ಗವೊಂದು ಅವರಲ್ಲಿತ್ತು. ಅವರು ತೀರಿಕೊಂಡ ಬಳಿಕ ಚಿಕ್ಕಮ್ಮ ಅದನ್ನು ನಮ್ಮ ಕೈಗಿತ್ತರು. ಬೀಸಿದಾಗಲೆಲ್ಲ ಹಿಡಿಯೊಳಗಿಂದ ಲೊಟಲೊಟ ಸದ್ದು ಬರುತ್ತಿತ್ತು. ನಾವು ಅಭ್ಯಾಸ ಮಾಡುವಾಗ ನೆರೆಮನೆಯ ಮಕ್ಕಳು ಅಂಗಳದ ಅಂಚಿಗೆ ಬಂದು ನಿಲ್ಲುವುದುಂಟು. ಅಲಗು ಕಳಚಿ ಹಾರಿದರೆ ಗತಿಯೇನು? ಆದಕಾರಣ ಬಿಚ್ಚಿ ನೋಡುವುದೆಂದು ನಿಶ್ಚಯಿಸಿದೆವು.

ಊರಿನ ಆಚಾರಿಯವರು ಅಲಗಿಗೆ ಗೋಣಿ ಸುತ್ತಿ, ಎರಡು ಹಲಗೆಗಳ ನಡುವೆ ಅದನ್ನು ಬಿಗಿದರು. ಮೊದಲು ಕೆಂಪು ಕುಚ್ಚು, ಬಳಿಕ ನಟ್ಟು, ಗುಬುಟು, ಮರದ ಹಿಡಿ, ಕೊನೆಗೆ ಕೈಗಾಪು. ಕಳಚಿದ ಒಂದೊಂದನ್ನೂ ಕಾಗದದ ಮೇಲೆ ಸಾಲಾಗಿಟ್ಟು ಸಂಖ್ಯೆ ಬರೆದೆವು. ಕೂಡಿಸುವಾಗ ಸಾಲಿನ ಕೊನೆಯಿಂದ ಆರಂಭಿಸಿದರಾಯಿತು. ಅಲಗಿನ ಬಾಲ ಬೆಸುಗೆಯಿಲ್ಲದ ಒಂದೇ ಉಕ್ಕಾಗಿದ್ದುದನ್ನು ಕಂಡು ಸಮಾಧಾನವಾಯಿತು. ದೋಷವಿದ್ದುದು ಮರದಲ್ಲಿ. ಅದರ ರಂಧ್ರವು ಬಾಲಕ್ಕಿಂತ ಅಗಲವಾಗಿತ್ತು. ಅಲುಗಾಟದಿಂದ ಮರ ಉದ್ದಕ್ಕೂ ಸೀಳುಬಿಟ್ಟಿತ್ತು.

"ಮಾಷ್ಟ್ರೇ, ಇದು ಇನ್ನು ಆಗ್ಲಿಕ್ಕಿಲ್ಲ. ಬಿಸಾಡುವುದೋ?" ಎಂದರು ಆಚಾರಿಯವರು.

ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಚಿಕ್ಕಪ್ಪನವರ ಹೆಬ್ಬೆರಳು ವರ್ಷಗಟ್ಟಲೆ ಒತ್ತಿದ ಎಡೆಯಲ್ಲಿ ಬಣ್ಣ ಸವೆದು, ಮರದಲ್ಲಿ ಸಣ್ಣದೊಂದು ತಗ್ಗು ಬಿದ್ದಿತ್ತು. ನಮ್ಮ ಹೆಬ್ಬೆರಳು ಎಂದೂ ಆ ತಗ್ಗಿಗೆ ಸರಿಯಾಗಿ ಕೂತುದಿಲ್ಲ. ಅವರ ಕೈ ದೊಡ್ಡದು. ಹಿಡಿಯನ್ನು ಚಿಕ್ಕಮ್ಮನಿಗೆ ಒಪ್ಪಿಸಿದೆವು. ಅವರು ಅದನ್ನು ಒಮ್ಮೆ ಮುಷ್ಟಿಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಪೆಟ್ಟಿಗೆಯಲ್ಲಿಟ್ಟರು.

ಹೊಸ ಹಿಡಿಗೆ ಹಲಸಿನ ಮರ ತೆಗೆದುಕೊಂಡೆವು. ಅದನ್ನು ಎರಡು ಹೋಳುಮಾಡಿ, ಪ್ರತಿ ಹೋಳಿನಲ್ಲಿ ಬಾಲದ ಅರ್ಧ ದಪ್ಪಕ್ಕೆ ಗಾಡಿ ಕೊರೆದು, ಅಂಟು ಹಚ್ಚಿ ಕೂಡಿಸಿದರು. ಹಿಡಿಯನ್ನು ಕೋಲಿನಂತೆ ಉರುಟಾಗಿಸದೆ ಮೊಟ್ಟೆಯಾಕಾರಕ್ಕೆ ಕೆತ್ತಬೇಕು. ಹಾಗಿದ್ದರೆ ಖಡ್ಗದ ಬಾಯಿ ಯಾವ ಕಡೆಗಿದೆಯೆಂಬುದು ನೋಡದೆಯೂ ಅಂಗೈಗೆ ತಿಳಿಯುವುದು. ಅದರ ಮೇಲೆ ಹತ್ತಿಯ ಹುರಿಯನ್ನು ಒತ್ತಾಗಿ ಸುತ್ತಿದೆವು. ಬೆವರಿದ ಕೈ ಜಾರದು. ಕೈಗಾಪನ್ನೂ ಗುಬುಟನ್ನೂ ಬದಲಿಸಲಿಲ್ಲ. ಗುಬುಟು ಅಲಂಕಾರಕ್ಕೆ ಮಾತ್ರ ಇರುವುದಲ್ಲ. ಅಲಗಿನ ಭಾರಕ್ಕೆ ಎದುರುಭಾರವೂ ಅದೇ. ಅದನ್ನು ಹಗುರಮಾಡಿದರೆ ಮೊನೆ ಭಾರವಾಗಿ ಮಣಿಕಟ್ಟು ನೋಯುವುದು. ಕೂಡಿಸಿದ ಮೇಲೆ ಅಲಗನ್ನು ಒಂದು ಬೆರಳ ಮೇಲಿರಿಸಿ ತೂಗಿದೆವು. ಕೈಗಾಪಿನಿಂದ ಒಂದು ಗೇಣಿನೊಳಗೆ ಅದು ಸಮವಾಗಿ ನಿಂತಿತು. ಸದ್ದು ಅಡಗಿತು.

ಹೆಬ್ಬೆರಳ ತಗ್ಗನ್ನು ಹೊಸ ಮರದಲ್ಲಿಯೂ ಕೆತ್ತಿಕೊಡಲೇ ಎಂದು ಆಚಾರಿಯವರು ಕೇಳಿದ್ದರು. ಬೇಡವೆಂದೆವು. ಹಿರಿಯರಿಂದ ಬಂದ ವಿದ್ಯೆಯ ಉಕ್ಕನ್ನು ಕೆಡದಂತೆ ಕಾಯುವುದು ನಮ್ಮ ಹೊಣೆ. ಅದನ್ನು ಹಿಡಿಯುವ ಬಗೆಯನ್ನು ಪ್ರತಿಯೊಬ್ಬನ ಕೈಯೂ ತಾನೇ ಸವೆಸಿ ಮಾಡಿಕೊಳ್ಳಬೇಕು. ಮಕ್ಕಳ ಕೈಗೆ ಮೊದಲ ಬಾರಿ ಸೀಸದಕಡ್ಡಿಯನ್ನು ಕೊಡುವ ನಮ್ಮಂಥ ಉಪಾಧ್ಯಾಯರಿಗೆ ಇದು ಹೊಸ ಮಾತೇನೂ ಅಲ್ಲ.